ಮೇಲೆರಗುವ ನಾಯಿಯನ್ನು ಸಂಭಾಳಿಸುವುದು ಮತ್ತು ಪಳಗಿಸುವುದು

ನಾಯಿ ಗುರುಗುಟ್ಟಿದ ಕೂಡಲೇ ಗದರಿಸಿ ಅದರ ಬಾಯಿ ಮುಚ್ಚಿಸುವುದು ಹೆಚ್ಚಿನವರು ಮಾಡುವ ಮೊದಲ ಕೆಲಸ. ನಾನೂ ಹಾಗೆಯೇ ಮಾಡಿದ್ದೆ. ಮೂರು ವರ್ಷ ವಯಸ್ಸಾಗಿದ್ದಾಗ ನಮ್ಮ ಮನೆ ಸೇರಿದ ಕರಿಯ ಎಂಬ ನಾಯಿ, ಊಟದ ತಟ್ಟೆಯ ಬಳಿ ಯಾರಾದರೂ ಸುಳಿದರೆ ಗಂಟಲಾಳದಿಂದ ಗುರ್ರೆನ್ನುತ್ತಿತ್ತು. ಪ್ರತಿ ಸಲವೂ ಜೋರಾಗಿ ಬೈದು, ತಟ್ಟೆಯನ್ನು ಕಿತ್ತುಕೊಂಡು, ಅದು ತಲೆ ತಗ್ಗಿಸಿದ ಮೇಲೆ ಮಾತ್ರ ಮರಳಿಸುತ್ತಿದ್ದೆ. ಎರಡು ತಿಂಗಳಲ್ಲಿ ಗುರುಗುಟ್ಟುವುದು ಪೂರ್ತಿ ನಿಂತಿತು. ಮೂರನೆಯ ತಿಂಗಳಿನ ಒಂದು ಸಂಜೆ, ತಟ್ಟೆಯ ಪಕ್ಕ ಬಿದ್ದಿದ್ದ ಚಮಚವನ್ನು ಎತ್ತಿಕೊಳ್ಳಲು ಬಗ್ಗಿದಾಗ, ಸದ್ದಿಲ್ಲದೆ ನನ್ನ ಮುಂಗೈಗೆ ಬಾಯಿ ಹಾಕಿತು. ತಟ್ಟೆಯ ಕುರಿತು ಅದಕ್ಕಿದ್ದ ಆತಂಕ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಎಚ್ಚರಿಕೆ ಕೊಟ್ಟರೆ ಪೆಟ್ಟು ಬೀಳುತ್ತದೆ ಎಂಬುದನ್ನಷ್ಟೇ ನಾನು ಅದಕ್ಕೆ ಕಲಿಸಿದ್ದೆ.

ನಾಯಿಗೆ ಒಳಗೆ ಏನನಿಸುತ್ತಿದೆಯೋ ಅದು ಬದಲಾಗದೆ ಹೊರಗಿನ ನಡವಳಿಕೆ ಗಟ್ಟಿಯಾಗಿ ಬದಲಾಗುವುದಿಲ್ಲ. ಮುಂದೆ ಹೇಳುವ ಎಲ್ಲ ಕ್ರಮಗಳೂ ಈ ಒಂದು ಮಾತಿನ ಮೇಲೆ ನಿಂತಿವೆ. ನಾಯಿಯ ಆಕ್ರಮಣದ ಹಿಂದೆ ಸಿಟ್ಟಿಗಿಂತ ಹೆಚ್ಚಾಗಿ ಇರುವುದು ಭಯ. ಅಪರಿಚಿತರನ್ನು ಕಂಡೊಡನೆ ಮುನ್ನುಗ್ಗಿ ಬೊಗಳುವ ನಾಯಿ ನೋಡುವವರಿಗೆ ಎದೆಗಾರನಂತೆ ಕಂಡರೂ, ಅದು ಕೇಳುತ್ತಿರುವುದು ‘ನನ್ನಿಂದ ದೂರ ಹೋಗು’ ಎಂದು. ಎದುರಿನವರು ಹಿಂದೆ ಸರಿದರೆ ಉಪಾಯ ಫಲಿಸಿತೆಂದು ಕಲಿತು, ಮುಂದಿನ ಸಲ ಇನ್ನೂ ಬೇಗ, ಇನ್ನೂ ಜೋರಾಗಿ ಬೊಗಳುತ್ತದೆ. ಸುಮಾರು 3ರಿಂದ 14 ವಾರಗಳ ವಯಸ್ಸಿನ ನಡುವೆ ಬಗೆಬಗೆಯ ಜನರನ್ನು, ಸದ್ದುಗಳನ್ನು, ಬೇರೆ ಪ್ರಾಣಿಗಳನ್ನು ನೆಮ್ಮದಿಯಿಂದ ಕಾಣುವ ಅವಕಾಶ ಸಿಗದ ಮರಿಗಳಲ್ಲಿ ಈ ಭಯ ದೊಡ್ಡವಾದ ಮೇಲೆ ಎದ್ದು ಕಾಣುತ್ತದೆ. ಆಹಾರ, ಆಟಿಕೆ ಅಥವಾ ಮಲಗುವ ಜಾಗವನ್ನು ಯಾರಾದರೂ ಕಸಿದುಕೊಂಡಾರು ಎಂಬ ಆತಂಕ, ಮೈನೋವು, ಸದಾ ಕಟ್ಟಿಹಾಕಿಸಿಕೊಂಡ ಹತಾಶೆ, ಮರಿ ಹಾಕಿದ ತಾಯಿಯ ಕಾವಲು ಇವೂ ಕಾರಣಗಳೇ, ಮತ್ತು ಒಂದೇ ನಾಯಿಯಲ್ಲಿ ಎರಡು ಮೂರು ಕಾರಣಗಳು ಬೆರೆತಿರುವುದು ಅಪರೂಪವಲ್ಲ.

ಮೊದಲು ಪಶುವೈದ್ಯರ ಬಳಿ

ತರಬೇತಿಗೆ ಕೈ ಹಾಕುವ ಮುನ್ನ ನಾಯಿಯನ್ನು ಪಶುವೈದ್ಯರಿಗೆ ತೋರಿಸಲೇಬೇಕು. ಕೀಲುನೋವು, ಸೊಂಟದ ಮೂಳೆಯ ತೊಂದರೆ, ಕೊಳೆತ ಹಲ್ಲು, ಕಿವಿಯ ಸೋಂಕು, ಥೈರಾಯ್ಡ್ ಕೊರತೆ, ಮೂರ್ಛೆರೋಗ, ಮಂದವಾಗುತ್ತಿರುವ ಕಣ್ಣು ಅಥವಾ ಕಿವಿ, ಇವುಗಳಲ್ಲಿ ಯಾವುದಾದರೂ ನಾಯಿಯನ್ನು ಸಿಡುಕಿನದಾಗಿಸಬಹುದು. ವರ್ಷಗಟ್ಟಲೆ ಸಾಧುವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಕಚ್ಚಲು ಬಂದರೆ, ಅಥವಾ ಮೈಯ ಒಂದೇ ಭಾಗವನ್ನು ಮುಟ್ಟಿದಾಗಲೆಲ್ಲ ತಿರುಗಿ ಬಿದ್ದರೆ, ನೋವನ್ನೇ ಮೊದಲು ಶಂಕಿಸಬೇಕು. ನೋವು ಇರುವವರೆಗೆ ಎಷ್ಟೇ ತಾಳ್ಮೆಯ ತರಬೇತಿಯೂ ವ್ಯರ್ಥ. ಲಸಿಕೆಯಿಲ್ಲದ ನಾಯಿಯ ಸ್ವಭಾವ ಏಕಾಏಕಿ ಬದಲಾಗಿ, ಜೊಲ್ಲು ಸುರಿಯುವುದು, ನುಂಗಲು ಕಷ್ಟಪಡುವುದು, ತೂರಾಡುವುದು ಕಂಡರೆ ಅದು ರೇಬೀಸ್ ಇರಬಹುದು. ಅಂಥ ನಾಯಿಯ ಹತ್ತಿರ ಹೋಗದೆ ತಕ್ಷಣ ಪಶುವೈದ್ಯರಿಗೆ ಸುದ್ದಿ ಮುಟ್ಟಿಸಬೇಕು.

ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಗಂಡುನಾಯಿಗಳ ಅಲೆದಾಟಕ್ಕೂ, ಗಂಡುಗಳ ನಡುವಿನ ಕಾದಾಟಕ್ಕೂ ಅದರಿಂದ ಪ್ರಯೋಜನವಾಗಬಹುದಾದರೂ, ಭಯದಿಂದ ಹುಟ್ಟಿದ ಆಕ್ರಮಣಕ್ಕೆ ಅದು ಮದ್ದಲ್ಲ. ಇನ್ನು ಆತಂಕ ಮಿತಿಮೀರಿದ ನಾಯಿಗೆ ಪಶುವೈದ್ಯರು ಫ್ಲುಆಕ್ಸಿಟೀನ್‌ನಂತಹ ಔಷಧಿಯನ್ನು ಕೊಡಬಹುದು. ಅದರ ಪರಿಣಾಮ ಕಾಣಲು 4ರಿಂದ 6 ವಾರ ಹಿಡಿಯುತ್ತದೆ. ಔಷಧಿ ನಾಯಿಯನ್ನು ಕಲಿಯಲು ಸಾಧ್ಯವಾಗುವಷ್ಟು ಶಾಂತಗೊಳಿಸುತ್ತದೆ, ಕಲಿಸುವ ಕೆಲಸ ಮಾತ್ರ ನಮ್ಮದಾಗಿಯೇ ಉಳಿಯುತ್ತದೆ. ಮನುಷ್ಯರ ಮಾತ್ರೆಯನ್ನು ಅಂದಾಜಿನ ಮೇಲೆ ಕೊಡುವುದು ಸರ್ವಥಾ ಕೂಡದು.

ಗುರುಗುಟ್ಟುವ ಮೊದಲಿನ ಮಾತು

‘ಏನೂ ಇಲ್ಲದೆ ಕಚ್ಚಿಬಿಟ್ಟಿತು’ ಎಂದು ಹೇಳುವವರ ಮನೆಯಲ್ಲಿ ಹತ್ತು ನಿಮಿಷ ಕುಳಿತು ನೋಡಿದರೆ, ನಾಯಿ ಹತ್ತಾರು ಸಲ ಹೇಳಿದ್ದು ಕಣ್ಣಿಗೆ ಬೀಳುತ್ತದೆ. ಹಸಿವಿಲ್ಲದಾಗ ತುಟಿ ಅಥವಾ ಮೂಗನ್ನು ನೆಕ್ಕಿಕೊಳ್ಳುವುದು, ತೂಕಡಿಕೆಯಿಲ್ಲದಾಗ ಆಕಳಿಸುವುದು, ಮುಖ ಪಕ್ಕಕ್ಕೆ ತಿರುಗಿಸುವುದು, ಕಿವಿಗಳನ್ನು ಹಿಂದಕ್ಕೆ ಒತ್ತಿಕೊಳ್ಳುವುದು, ಮುಂಗಾಲೊಂದನ್ನು ಎತ್ತಿ ನಿಲ್ಲುವುದು ಮೊದಲ ಹಂತದ ಮಾತುಗಳು. ಇವನ್ನು ಯಾರೂ ಕೇಳಿಸಿಕೊಳ್ಳದಿದ್ದರೆ ಅದು ಎದ್ದು ಹೋಗಲು ನೋಡುತ್ತದೆ, ಹೋಗಲು ದಾರಿಯಿಲ್ಲದಿದ್ದರೆ ಕುಗ್ಗುತ್ತದೆ, ಬಾಲವನ್ನು ಹೊಟ್ಟೆಯಡಿಗೆ ಸೇರಿಸುತ್ತದೆ. ಆ ಮೇಲೆ ಬರುವುದೇ ಮೈ ಬಿಗಿತ: ಬಾಯಿ ಮುಚ್ಚಿ, ಉಸಿರು ಹಿಡಿದು, ತಲೆಯನ್ನು ಅಲುಗಿಸದೆ ಕಣ್ಣನ್ನಷ್ಟೇ ಓರೆ ಮಾಡಿದಾಗ ಕಣ್ಣಿನ ಬಿಳಿಭಾಗ ಅರ್ಧಚಂದ್ರದಂತೆ ಕಾಣುತ್ತದೆ. ಗುರುಗುಟ್ಟುವುದು, ಹಲ್ಲು ಕಿಸಿಯುವುದು, ಗಾಳಿಗೆ ಬಾಯಿ ಹಾಕುವುದು, ಕಚ್ಚುವುದು ಅದರ ನಂತರದ ಮೆಟ್ಟಿಲುಗಳು. ಮೇಲಿನ ಮೆಟ್ಟಿಲನ್ನು ಹತ್ತಿ ಒಮ್ಮೆ ಗೆದ್ದ ನಾಯಿ ಕೆಳಗಿನವನ್ನು ಬಿಟ್ಟುಬಿಡಲೂಬಹುದು. ಬಾಲ ಆಡಿಸುವುದನ್ನು ಮಾತ್ರ ನಂಬಬೇಡಿ. ಎತ್ತಿ ನಿಗುರಿಸಿದ ಬಾಲದ ತುದಿ ಸಣ್ಣಗೆ, ವೇಗವಾಗಿ ಅದುರುತ್ತಿದ್ದರೆ ಅದು ಸ್ನೇಹದ ಸೂಚನೆಯಲ್ಲ.

ನಾಯಿ ಗುರುಗುಟ್ಟಿದರೆ ಮಾಡಬೇಕಾದದ್ದು ಸರಳ. ಮಾಡುತ್ತಿದ್ದ ಕೆಲಸವನ್ನು ನಿಲ್ಲಿಸಿ, ದಿಟ್ಟಿಸದೆ, ಮೈಯನ್ನು ಸ್ವಲ್ಪ ಓರೆಯಾಗಿಸಿ ನಿಧಾನವಾಗಿ ಹಿಂದೆ ಸರಿಯಬೇಕು. ಇದರಿಂದ ನಾಯಿ ತಲೆಯ ಮೇಲೆ ಕೂರುತ್ತದೆ ಎಂದು ಹೆದರುವವರಿದ್ದಾರೆ. ಹಾಗಾಗುವುದಿಲ್ಲ, ಎಚ್ಚರಿಕೆಗೆ ಬೆಲೆ ಇದೆಯೆಂದು ಗೊತ್ತಾದ ನಾಯಿಗೆ ಹಲ್ಲು ಬಳಸುವ ಅಗತ್ಯ ಬೀಳುವುದಿಲ್ಲ. ಆ ಕ್ಷಣ ಕಳೆದ ಮೇಲೆ ಅದಕ್ಕೆ ಏನು ಕಷ್ಟವಾಯಿತು, ಎಷ್ಟು ದೂರದಲ್ಲಿ ಆಯಿತು, ಅಂದು ಬೆಳಗ್ಗೆಯಿಂದ ಬೇರೆ ಏನೇನು ನಡೆದಿತ್ತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಸಹಿತ ಬರೆದಿಡಿ. ಮೂರು ನಾಲ್ಕು ವಾರ ಬರೆದರೆ, ಕಾರಣವಿಲ್ಲದೆ ನಡೆಯುತ್ತಿದೆ ಎಂದುಕೊಂಡ ಘಟನೆಗಳ ನಡುವೆ ಒಂದು ಕ್ರಮ ಕಾಣತೊಡಗುತ್ತದೆ. ಬೆಳಗ್ಗೆ ಪಟಾಕಿಯ ಸದ್ದು, ಮಧ್ಯಾಹ್ನ ಉಗುರು ಕತ್ತರಿಸಿದ್ದು, ಸಂಜೆ ಮನೆಗೆ ನೆಂಟರು ಬಂದದ್ದು ಒಂದೊಂದೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದ ನಾಯಿ, ಮೂರೂ ಒಂದೇ ದಿನ ಸೇರಿದಾಗ ಕಚ್ಚುತ್ತದೆ.

ಕಲಿಯುವ ತನಕ ಕಾಪಾಡುವುದು

ತರಬೇತಿ ಫಲ ಕೊಡಲು ತಿಂಗಳುಗಳು ಬೇಕು. ಅಷ್ಟರವರೆಗೆ ಯಾರಿಗೂ ಗಾಯವಾಗದಂತೆ, ನಾಯಿಗೂ ಹಳೆಯ ಅಭ್ಯಾಸ ಮಾಡಲು ಅವಕಾಶ ಸಿಗದಂತೆ ಮನೆಯನ್ನು ಹೊಂದಿಸಿಕೊಳ್ಳಬೇಕು, ಏಕೆಂದರೆ ಪ್ರತಿ ದಾಳಿಯೂ ಮುಂದಿನ ದಾಳಿಗೆ ತಾಲೀಮು. ಅಪರಿಚಿತರನ್ನು ಸಹಿಸದ ನಾಯಿಯನ್ನು ಕರೆಗಂಟೆ ಬಾರಿಸುವ ಮೊದಲೇ ಬಾಗಿಲು ಹಾಕಿದ ಕೋಣೆಯಲ್ಲಿ, ಅಗಿಯಲು ಏನಾದರೂ ಕೊಟ್ಟು ಬಿಡಬೇಕು. ಬೀದಿ ಕಾಣುವ ಕಿಟಕಿಯ ಕೆಳಭಾಗವನ್ನು ಮುಚ್ಚಬೇಕು. ಹೊರಬಾಗಿಲಿಗೂ ನಾಯಿಗೂ ನಡುವೆ ಒಂದರ ಬದಲು ಎರಡು ತಡೆಗಳಿರಬೇಕು, ಒಂದನ್ನು ಹಾಕಲು ಮರೆತರೂ ಇನ್ನೊಂದು ಇರುತ್ತದೆ.

ಕಚ್ಚದಂತೆ ಮೂತಿಗೆ ತೊಡಿಸುವ ಬಾಯಿಕುಕ್ಕೆಯ ವಿಷಯದಲ್ಲಿ ಅನೇಕರಿಗೆ ಸಂಕೋಚವಿದೆ. ಅದು ಕ್ರೌರ್ಯವೆಂದು ನನಗೂ ಅನಿಸಿತ್ತು; ಈಗ ಅದನ್ನು ಬೆಲ್ಟಿನಷ್ಟೇ ಸಹಜವಾದ ಸಾಧನ ಎಂದು ತಿಳಿದಿದ್ದೇನೆ. ನಾಯಿ ಮುಖ್ಯವಾಗಿ ಬಾಯಿ ತೆರೆದು ಏದುಸಿರು ಬಿಡುವ ಮೂಲಕ ಮೈಯ ಬಿಸಿಯನ್ನು ಹೊರಹಾಕುವುದರಿಂದ, ಬಾಯಿಯನ್ನು ಬಿಗಿದು ಹಿಡಿಯುವ ಬಟ್ಟೆಯ ಪಟ್ಟಿಯನ್ನು ನಡಿಗೆಗೆ ಎಂದೂ ಬಳಸಬಾರದು. ಏದುಸಿರು ಬಿಡಲು, ನೀರು ಕುಡಿಯಲು, ತಿಂಡಿಯ ಚೂರು ತೆಗೆದುಕೊಳ್ಳಲು ಸಾಧ್ಯವಾಗುವ ಬುಟ್ಟಿಯಾಕಾರದ್ದೇ ಬೇಕು. ತಂದ ದಿನವೇ ತೊಡಿಸಬೇಡಿ. ಮೊದಲ ಕೆಲವು ದಿನ ಕುಕ್ಕೆಯನ್ನು ಬಟ್ಟಲಿನಂತೆ ಅಂಗೈಯಲ್ಲಿ ಹಿಡಿದು, ಒಳಗೆ ರುಚಿಯಾದ ಚೂರನ್ನು ಹಾಕಿ, ನಾಯಿ ತಾನಾಗಿಯೇ ಮೂತಿ ತೂರಿಸುವವರೆಗೆ ಕಾಯಿರಿ. ಆಮೇಲೆ ಮೂತಿ ಒಳಗಿರುವಾಗಲೇ ಸಂದಿನಿಂದ ಇನ್ನೊಂದು, ಮತ್ತೊಂದು ಚೂರು ಕೊಡಿ. ಪಟ್ಟಿಯನ್ನು ಕಿವಿಯ ಹಿಂದಕ್ಕೆ ತಾಗಿಸಿ ತೆಗೆಯುವುದು, ಒಂದು ಕ್ಷಣ ಬಿಗಿದು ಬಿಚ್ಚುವುದು, ಹತ್ತು ಸೆಕೆಂಡು, ಒಂದು ನಿಮಿಷ, ಐದು ನಿಮಿಷ ಹೀಗೆ ಏರುತ್ತ ಹೋದರೆ, ಎರಡು ಮೂರು ವಾರಗಳಲ್ಲಿ ಕುಕ್ಕೆ ಕಂಡೊಡನೆ ಮೂತಿ ಚಾಚುವ ನಾಯಿಗಳೇ ಹೆಚ್ಚು.

ಭಾವನೆಯನ್ನು ಬದಲಿಸುವ ಅಭ್ಯಾಸ

ಗಂಟೆಯ ಸದ್ದಿನ ಹಿಂದೆಯೇ ಆಹಾರ ಬಂದರೆ ಕ್ರಮೇಣ ಸದ್ದಿಗೇ ಜೊಲ್ಲು ಬರುತ್ತದೆ ಎಂಬ, ರಷ್ಯಾದ ವಿಜ್ಞಾನಿ ಪಾವ್ಲೊವ್ ಅವರ ಪ್ರಯೋಗ ಎಲ್ಲರಿಗೂ ಗೊತ್ತು. ಭಯಪಡಿಸುವ ವಸ್ತುವನ್ನು ಕಂಡಾಗಲೆಲ್ಲ ನಾಯಿಗೆ ಅತ್ಯಂತ ಇಷ್ಟವಾದುದು ಸಿಗುವಂತೆ ಮಾಡಿ, ಆ ವಸ್ತುವಿನ ಅರ್ಥವನ್ನೇ ಅದರ ಮನಸ್ಸಿನಲ್ಲಿ ಬದಲಿಸುವುದು ಇಲ್ಲಿನ ವಿಧಾನ. ಇದು ಕೆಲಸ ಮಾಡಬೇಕಾದರೆ ನಾಯಿ ಸಹನೆಯ ಗೆರೆಯನ್ನು ದಾಟಿರಬಾರದು. ಗೆರೆಯ ಈಚೆಗಿರುವ ನಾಯಿ ಎದುರಿನದನ್ನು ಗಮನಿಸುತ್ತದೆ, ಆದರೆ ತಿನ್ನುತ್ತದೆ, ಕರೆದರೆ ತಿರುಗುತ್ತದೆ. ಗೆರೆ ದಾಟಿದ ನಾಯಿ ಬೊಗಳುತ್ತದೆ, ಜಗ್ಗುತ್ತದೆ, ಮಾಂಸದ ಚೂರನ್ನು ಮೂಗಿಗೆ ಹಿಡಿದರೂ ಮೂಸುವುದಿಲ್ಲ. ಆ ಸ್ಥಿತಿಯಲ್ಲಿ ಕಲಿಕೆ ಅಸಾಧ್ಯ. ಗೆರೆಯನ್ನು ಕಾಯ್ದುಕೊಳ್ಳಲು ನಮ್ಮ ಕೈಯಲ್ಲಿರುವ ಮುಖ್ಯ ಸಾಧನವೆಂದರೆ ದೂರ.

ಬೇರೆ ನಾಯಿಗಳನ್ನು ಕಂಡರೆ ಎರಗುವ ನಾಯಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮೂವತ್ತು ಮೀಟರ್ ದೂರದಲ್ಲಿ ಇನ್ನೊಂದು ನಾಯಿ ಕಂಡಾಗ ಅದು ಕಿವಿ ನಿಮಿರಿಸಿಯೂ ಬೊಗಳದೆ ನಿಲ್ಲುತ್ತದೆ ಎಂದುಕೊಳ್ಳಿ. ಅಲ್ಲಿಂದಲೇ ಆರಂಭಿಸಬೇಕು. ಎದುರಿನ ನಾಯಿಯನ್ನು ನಿಮ್ಮ ನಾಯಿ ನೋಡಿದ ಒಂದು ಸೆಕೆಂಡಿನೊಳಗೆ ಬೇಯಿಸಿದ ಕೋಳಿಮಾಂಸದ ಚೂರನ್ನು ಬಾಯಿಗಿಡಿ. ಎದುರಿನ ನಾಯಿ ಕಾಣುತ್ತಿರುವಷ್ಟು ಹೊತ್ತೂ ಚೂರುಗಳು ಬರುತ್ತಿರಲಿ, ಅದು ಮರೆಯಾದೊಡನೆ ಚೂರುಗಳೂ ನಿಲ್ಲಲಿ. ಅನುಕ್ರಮ ತಪ್ಪಬಾರದು: ಮೊದಲು ನೋಟ, ಆಮೇಲೆ ಮಾಂಸ. ಮಾಂಸವನ್ನು ಮೊದಲು ತೋರಿಸಿದರೆ, ಮಾಂಸ ಬಂತೆಂದರೆ ಭಯದ ವಸ್ತು ಬರಲಿದೆ ಎಂದು ನಾಯಿ ಕಲಿತು ಮಾಂಸವನ್ನೇ ಶಂಕಿಸತೊಡಗುತ್ತದೆ. ಹಲವು ದಿನಗಳ ನಂತರ ಒಂದು ಗಳಿಗೆ ಬರುತ್ತದೆ. ಎದುರಿನ ನಾಯಿಯನ್ನು ಕಂಡದ್ದೇ ನಿಮ್ಮ ನಾಯಿ, ಮೈ ಸಡಿಲವಾಗಿ, ಬಾಯಿ ಅರೆ ತೆರೆದು, ‘ಎಲ್ಲಿ ನನ್ನ ಪಾಲು’ ಎಂಬಂತೆ ನಿಮ್ಮ ಕಡೆ ತಿರುಗುತ್ತದೆ. ಕಾಯುತ್ತಿದ್ದದ್ದು ಆ ತಿರುಗುವಿಕೆಯನ್ನೇ. ಅದು ಒಂದೇ ದೂರದಲ್ಲಿ ಮತ್ತೆ ಮತ್ತೆ ಕಂಡ ಮೇಲೆ ಎರಡು ಮೂರು ಮೀಟರ್ ಹತ್ತಿರ ಹೋಗಿ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಒಮ್ಮೆಗೆ ಒಂದನ್ನಷ್ಟೇ ಕಷ್ಟಗೊಳಿಸಿ. ದೂರ ಕಡಿಮೆ ಮಾಡುವ ದಿನ ಎದುರಿನ ನಾಯಿ ನಿಂತಿರಲಿ. ಓಡುವ ನಾಯಿಯನ್ನು ತೋರಿಸುವ ದಿನ ದೂರ ಹೆಚ್ಚಲಿ. ಐದು ನಿಮಿಷದ ಅಭ್ಯಾಸ ಸಾಕು. ನಾಯಿ ಸಿಡಿದೆದ್ದ ದಿನ ಅದನ್ನು ಬೈಯದೆ ದೂರ ಕರೆದೊಯ್ದು, ಮುಂದಿನ ಒಂದೆರಡು ದಿನ ಅಭ್ಯಾಸವನ್ನು ಬಿಟ್ಟು, ನಿರ್ಜನವಾದ ಕಡೆ ಮೂಸಿಕೊಂಡು ತಿರುಗಲು ಬಿಡುವುದು ಒಳ್ಳೆಯದು. ನಡಿಗೆಯಲ್ಲಿ ನಾವು ಅರಿಯದೆ ಮಾಡುವ ದೊಡ್ಡ ತಪ್ಪೆಂದರೆ ಎದುರಿನಿಂದ ನಾಯಿ ಬರುವುದನ್ನು ಕಂಡು ಹಗ್ಗವನ್ನು ಬಿಗಿ ಹಿಡಿಯುವುದು. ಕುತ್ತಿಗೆಗೆ ಬಿಗಿತ ತಗುಲಿದ ಕ್ಷಣವೇ ನಾಯಿಗೆ ಅಪಾಯದ ಸುದ್ದಿ ಮುಟ್ಟುತ್ತದೆ. ಎದೆಗೆ ಕಟ್ಟುವ ಹಾರ್ನೆಸ್ ಮತ್ತು ಸಡಿಲವಾಗಿ ಬಿಟ್ಟ ಎರಡು ಮೀಟರಿನ ಹಗ್ಗ ಉತ್ತಮ. ಇದ್ದಕ್ಕಿದ್ದಂತೆ ಎದುರಾದರೆ ಬಳಸಲು ‘ಹಿಂದೆ ತಿರುಗು’ ಎಂಬ ಆಟವನ್ನು ಮನೆಯೊಳಗೆ, ಯಾವ ಗಲಾಟೆಯೂ ಇಲ್ಲದಾಗ, ನೂರು ಸಲ ಆಡಿ ರೂಢಿ ಮಾಡಿಸಿರಬೇಕು.

ತಟ್ಟೆಯ ಕಾವಲು

ಕರಿಯನೊಂದಿಗೆ ನಾನು ಮತ್ತೆ ಮೊದಲಿನಿಂದ ಆರಂಭಿಸಿದ್ದು ಹೀಗೆ. ಅದು ತಿನ್ನುವಾಗ ಮೈ ಬಿಗಿಯಾಗದಷ್ಟು ದೂರದಲ್ಲಿ, ಅಂದರೆ ನಾಲ್ಕು ಹೆಜ್ಜೆ ಆಚೆ, ನಡೆದು ಹೋಗುತ್ತ ತಟ್ಟೆಯ ಕಡೆಗೆ ಒಂದು ಮಾಂಸದ ಚೂರನ್ನು ಎಸೆದು, ನಿಲ್ಲದೆ ಮುಂದೆ ಹೋಗುತ್ತಿದ್ದೆ. ತಟ್ಟೆಯಲ್ಲಿರುವುದು ಸಪ್ಪೆ ಅನ್ನವಾಗಿದ್ದರೆ ನಾನು ತರುವುದು ಅದಕ್ಕಿಂತ ಸವಿಯಾದದ್ದೇ ಆಗಿರುತ್ತಿತ್ತು. ಹತ್ತು ದಿನವಾದ ಮೇಲೆ ನನ್ನ ಹೆಜ್ಜೆಯ ಸದ್ದಿಗೆ ಅದು ತಟ್ಟೆಯಿಂದ ತಲೆ ಎತ್ತಿ ಬಾಲವನ್ನು ಸಡಿಲವಾಗಿ ಆಡಿಸಿತು. ಆಗ ಮೂರು ಹೆಜ್ಜೆಗೆ ಬಂದೆ. ಬಗ್ಗಿ ತಟ್ಟೆಯೊಳಗೆ ಕೈಯಿಂದ ಚೂರು ಹಾಕುವ ಹಂತಕ್ಕೆ ಬರಲು ನಾಲ್ಕು ತಿಂಗಳು ಬೇಕಾದವು. ನಡುವೆ ಒಮ್ಮೆ ಆತುರಪಟ್ಟು ಎರಡು ಹೆಜ್ಜೆ ಒಟ್ಟಿಗೆ ಹಾಕಿದ್ದಕ್ಕೆ ಅದು ಉಸಿರು ಹಿಡಿದು ನಿಂತಿತು, ಮತ್ತೆ ಒಂದು ವಾರ ಹಿಂದಕ್ಕೆ ಹೋಗಬೇಕಾಯಿತು. ನಾಯಿ ತಿನ್ನುವಾಗ ತಟ್ಟೆಯಲ್ಲಿ ಕೈಯಾಡಿಸಿ ‘ಅಭ್ಯಾಸ ಮಾಡಿಸುವ’ ರೂಢಿಯನ್ನು ದಯವಿಟ್ಟು ಬಿಟ್ಟುಬಿಡಿ, ಅದು ಇಲ್ಲದ ಕಾವಲನ್ನು ಹುಟ್ಟಿಸುತ್ತದೆ. ಬಾಯಲ್ಲಿ ಕದ್ದ ಚಪ್ಪಲಿ ಇದ್ದರೆ ಕಿತ್ತುಕೊಳ್ಳುವ ಬದಲು ವಿನಿಮಯ ಮಾಡಿಕೊಳ್ಳಿ. ಅಪಾಯವಿಲ್ಲದ ವಸ್ತುವಾಗಿದ್ದರೆ ಅದನ್ನು ಮರಳಿ ಕೊಟ್ಟೂ ತೋರಿಸಿ. ಕೊಟ್ಟರೆ ಕಳೆದುಕೊಳ್ಳುವುದಿಲ್ಲ ಎಂಬ ನಂಬಿಕೆ ಬೆಳೆಯುತ್ತದೆ.

ಯಜಮಾನಿಕೆಯ ವಾದ

ನಾಯಿಯನ್ನು ಅಂಗಾತ ಕೆಡವಿ ಅದುಮಿ ಹಿಡಿದು ‘ಯಾರು ಯಜಮಾನ’ ಎಂದು ತೋರಿಸಬೇಕು ಎನ್ನುವ ತರಬೇತುದಾರರು ಇಂದಿಗೂ ಇದ್ದಾರೆ. ಈ ವಿಚಾರದ ಬೇರು ಇರುವುದು 1947ರಲ್ಲಿ ರುಡಾಲ್ಫ್ ಶೆಂಕೆಲ್ ಪ್ರಕಟಿಸಿದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಅಧ್ಯಯನದಲ್ಲಿ. ಪಟ್ಟಕ್ಕಾಗಿ ಕಾದಾಡಿ ಗೆದ್ದ ತೋಳವೇ ಗುಂಪಿನ ಯಜಮಾನ ಎಂಬ ಆ ಕಲ್ಪನೆಯನ್ನು 1970ರಲ್ಲಿ ಜನಪ್ರಿಯಗೊಳಿಸಿದ ತೋಳಗಳ ತಜ್ಞ ಡೇವಿಡ್ ಮೀಚ್ ಅವರೇ 1999ರ ಪ್ರಬಂಧದಲ್ಲಿ, ಕಾಡಿನ ತೋಳಗಳ ಗುಂಪು ಅಪ್ಪ, ಅಮ್ಮ ಮತ್ತು ಮರಿಗಳ ಸಂಸಾರವೆಂದು, ಅಲ್ಲಿ ಪಟ್ಟಕ್ಕಾಗಿ ಕಾದಾಟ ನಡೆಯುವುದಿಲ್ಲವೆಂದು ತೋರಿಸಿದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 140 ಮಾಲೀಕರ ಉತ್ತರಗಳನ್ನು ಆಧರಿಸಿ 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನಾಯಿಯನ್ನು ಹೊಡೆದವರು ಅಥವಾ ಒದ್ದವರ ಪೈಕಿ ಶೇಕಡಾ 43ರಷ್ಟು ಜನ, ಅಂಗಾತ ಕೆಡವಿದವರ ಪೈಕಿ ಶೇಕಡಾ 31ರಷ್ಟು ಜನ, ನಾಯಿ ಅದಕ್ಕೆ ಆಕ್ರಮಣದಿಂದಲೇ ಉತ್ತರಿಸಿತೆಂದು ಹೇಳಿದ್ದರು. ಕುತ್ತಿಗೆ ಬಿಗಿಯುವ ಸರಪಳಿ, ಮುಳ್ಳಿನ ಪಟ್ಟಿ, ಶಾಕ್ ಕೊಡುವ ಬೆಲ್ಟುಗಳದ್ದೂ ಇದೇ ತೊಂದರೆ: ಎದುರಿನ ಮನುಷ್ಯನನ್ನು ಕಂಡಾಗಲೆಲ್ಲ ನೋವಾದರೆ, ಆ ಮನುಷ್ಯನೇ ನೋವಿನ ಮೂಲವೆಂದು ನಾಯಿ ತಿಳಿಯುತ್ತದೆ. ತರಬೇತುದಾರರನ್ನು ಹುಡುಕುವಾಗ, ನಾಯಿ ತಪ್ಪು ಮಾಡಿದರೆ ನೀವೇನು ಮಾಡುತ್ತೀರಿ ಎಂಬ ಒಂದು ಪ್ರಶ್ನೆ ಕೇಳಿ. ಉತ್ತರ ಅಸ್ಪಷ್ಟವಾಗಿದ್ದರೆ, ಅಥವಾ ಇಷ್ಟು ದಿನದಲ್ಲಿ ಸರಿಮಾಡುತ್ತೇನೆಂದು ಮಾತು ಕೊಟ್ಟರೆ, ಅಂಥವರಿಗೆ ನಾಯಿಯನ್ನು ಒಪ್ಪಿಸಬೇಡಿ.

ಮಕ್ಕಳು, ಜಗಳ, ಗಾಯ

ಚಿಕ್ಕ ಮಗುವನ್ನೂ ಯಾವುದೇ ನಾಯಿಯನ್ನೂ ಜೊತೆಗೆ ಬಿಟ್ಟು ಪಕ್ಕದ ಕೋಣೆಗೂ ಹೋಗಬಾರದು. ಕಚ್ಚಿದ ಚರಿತ್ರೆ ಇರುವ ನಾಯಿಯಾದರೆ ಅವರಿಬ್ಬರ ನಡುವೆ ಗೇಟು ಇರಲೇಬೇಕು. ಮಗು ನಾಯಿಯನ್ನು ತಬ್ಬುವುದು, ಮುಖಕ್ಕೆ ಮುಖ ತರುವುದು, ಮಲಗಿದ್ದಾಗ ಮುಟ್ಟುವುದು ದೊಡ್ಡವರ ಕಣ್ಣಿಗೆ ಮುದ್ದಾಗಿ ಕಂಡರೂ ನಾಯಿಗೆ ಬೆದರಿಕೆಯೇ. ಮಕ್ಕಳಿಗೆ ಮುಖ ಮತ್ತು ಕುತ್ತಿಗೆಗೇ ಗಾಯವಾಗುವುದು ಹೆಚ್ಚಾಗಿರುವುದಕ್ಕೆ ಅವರ ಎತ್ತರವೂ ಈ ವರ್ತನೆಯೂ ಕಾರಣ.

ಎರಡು ನಾಯಿಗಳು ಕಚ್ಚಾಡುತ್ತಿರುವಾಗ ಕುತ್ತಿಗೆಪಟ್ಟಿಗೆ ಕೈ ಹಾಕಬೇಡಿ. ಆ ಆವೇಶದಲ್ಲಿ ಯಾರ ಕೈಯೆಂದು ನೋಡದೆ ಕಚ್ಚುತ್ತವೆ. ನೀರೆರಚುವುದು, ತಟ್ಟೆ ಬಡಿದು ಸದ್ದು ಮಾಡುವುದು, ನಡುವೆ ಹಲಗೆಯನ್ನೋ ಕುರ್ಚಿಯನ್ನೋ ತೂರಿಸುವುದು ಸುರಕ್ಷಿತ.

ಕಚ್ಚಿಸಿಕೊಂಡ ಗಾಯವನ್ನು ಕೂಡಲೇ ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಅಂದೇ ವೈದ್ಯರನ್ನು ಕಾಣಬೇಕು. ಸ್ವಂತ ನಾಯಿ, ಸಣ್ಣ ಗೀರು ಎಂದು ಉದಾಸೀನ ಮಾಡಬಾರದು. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೇ ಇಲ್ಲ ಎನ್ನುವಷ್ಟು ವಿರಳ, ಅದಕ್ಕೆ ಮೊದಲು ಹಾಕಿಸಿಕೊಂಡ ಲಸಿಕೆ ಜೀವ ಉಳಿಸುತ್ತದೆ. ಕಚ್ಚಿದ ನಾಯಿಯನ್ನು 10 ದಿನ ಪ್ರತ್ಯೇಕವಾಗಿ ನಿಗಾದಲ್ಲಿಡಬೇಕು. ಆದರೆ ನಾಯಿಗೆ ಏನಾಗುತ್ತದೆ ನೋಡೋಣ ಎಂದು ಲಸಿಕೆಯನ್ನು ಮುಂದೂಡಬಾರದು.

ಎಲ್ಲಿಯವರೆಗೆ

ತಿಂಗಳುಗಟ್ಟಲೆ ಚೆನ್ನಾಗಿದ್ದ ನಾಯಿ ಮತ್ತೆ ಒಂದು ದಿನ ಹಳೆಯಂತೆ ಎರಗಬಹುದು. ಹೊಸ ಕಲಿಕೆ ಹಳೆಯ ಭಯವನ್ನು ಅಳಿಸಿಹಾಕುವುದಿಲ್ಲ, ಅದರ ಮೇಲೆ ಕೂರುತ್ತದೆ ಅಷ್ಟೇ. ಆದ್ದರಿಂದ ‘ವಾಸಿಯಾಯಿತು’ ಎಂಬ ಮಾತನ್ನು ನಾನು ಬಳಸುವುದಿಲ್ಲ. ಕರಿಯ ಈಗ ತಟ್ಟೆಯ ಬಳಿ ಯಾರನ್ನೂ ಗದರುವುದಿಲ್ಲ, ಆದರೂ ಮನೆಗೆ ಮಕ್ಕಳು ಬಂದ ದಿನ ಅದರ ಊಟ ಬಾಗಿಲು ಹಾಕಿದ ಕೋಣೆಯಲ್ಲಿಯೇ ಆಗುತ್ತದೆ.

ಎಲ್ಲ ನಾಯಿಗಳೂ ಇಷ್ಟರಮಟ್ಟಿಗೆ ಬರುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಪಶುವೈದ್ಯ ಇಯಾನ್ ಡನ್‌ಬಾರ್ ಅವರು ಕಡಿತಗಳನ್ನು ಆರು ಹಂತಗಳಾಗಿ ವಿಂಗಡಿಸಿದ್ದಾರೆ. ಹಲ್ಲು ಚರ್ಮಕ್ಕೆ ತಗುಲದ ಬೆದರಿಕೆ ಮೊದಲನೆಯದು, ಪ್ರಾಣಹಾನಿ ಆರನೆಯದು. ಹಲ್ಲು ತಗುಲಿಯೂ ಚರ್ಮ ಸೀಳದ ಎರಡನೆಯ ಹಂತದ ನಾಯಿಯ ಬಗ್ಗೆ ಧಾರಾಳವಾಗಿ ಭರವಸೆ ಇಟ್ಟುಕೊಳ್ಳಬಹುದು. ಆಳವಾಗಿ ಕಚ್ಚಿ ಹಿಡಿದು ಅಲ್ಲಾಡಿಸುವ, ಅಥವಾ ಒಂದೇ ಸಲಕ್ಕೆ ಹಲವು ಕಡೆ ಕಚ್ಚುವ ನಾಯಿಯ ವಿಷಯ ಬೇರೆ. ಮನೆಯಲ್ಲಿ ಮಕ್ಕಳಿದ್ದು, ಎರಡು ತಡೆಗಳ ಶಿಸ್ತನ್ನು ದಿನವೂ ಪಾಲಿಸಲಾಗದ ಸ್ಥಿತಿಯಲ್ಲಿ ಅಂಥ ನಾಯಿಯನ್ನು ಇಟ್ಟುಕೊಳ್ಳುವುದು ಪ್ರೀತಿಯಾಗದು. ಆಗ ಪಶುವೈದ್ಯರೊಂದಿಗೆ, ನಾಯಿಗಳ ನಡವಳಿಕೆಯನ್ನು ಓದಿದ ತಜ್ಞರೊಂದಿಗೆ ಕುಳಿತು, ಶಾಶ್ವತ ನಿದ್ರೆಯ, ಅಂದರೆ ದಯಾಮರಣದ, ಪ್ರಶ್ನೆಯನ್ನೂ ಒಳಗೊಂಡಂತೆ ಎಲ್ಲವನ್ನೂ ಮಾತಾಡಬೇಕಾಗುತ್ತದೆ. ಆ ನಿರ್ಧಾರಕ್ಕೆ ಬಂದವರನ್ನು ನಿಂದಿಸುವ ಹಕ್ಕು ಹೊರಗಿನ ಯಾರಿಗೂ ಇಲ್ಲ. ಮಕ್ಕಳಿಲ್ಲದ, ಅನುಭವವಿರುವ ಬೇರೊಂದು ಮನೆ ಸಿಕ್ಕಿತೆಂದಾದರೆ, ನಾಯಿ ಯಾರನ್ನು, ಯಾವಾಗ, ಎಷ್ಟು ಆಳಕ್ಕೆ ಕಚ್ಚಿದೆ ಎಂಬುದರಲ್ಲಿ ಒಂದನ್ನೂ ಮುಚ್ಚಿಡದೆ ಹೇಳಿ, ಬೆಲ್ಟು ಮತ್ತು ಬಾಯಿಕುಕ್ಕೆಯ ಜೊತೆಗೆ ಅಷ್ಟು ದಿನ ಬರೆದಿಟ್ಟ ನೋಟ್‌ಬುಕ್ಕನ್ನೂ ಅವರ ಕೈಗೆ ಕೊಡಿ.